ಬಜಾರಿನಿಂದ ಊರನ್ನು ಅಳೆಯುವವರಿಗೆ

ವಿಜಯಪುರ ಜಿಲ್ಲೆಯಲ್ಲಿ ನಾಲ್ಕು ಮಂದಿ ಚಹಾದಂಗಡಿಯ ಮುಂದೆ ಸೇರಿದರೆ ಈ ಚರ್ಚೆ ಒಮ್ಮೆಯಾದರೂ ಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಮುಂದೆ ಹೋದ ಊರು ಯಾವುದು, ಹಿಂದೆ ಬಿದ್ದದ್ದು ಯಾವುದು? “ಇಂಡಿ ಮೊದಲಿನಂಗ ಉಳಿದಿಲ್ರಿ, ರಾತ್ರಿ ಸರ್ಕಲ್ ನೋಡಿದ್ರ ಬಿಜಾಪುರ ಇದ್ದಂಗ ಅನಸ್ತದ” ಎಂದು ಒಬ್ಬ. “ಸಿಂದಗಿ ಬಜಾರ ಏನು ಕಡಿಮಿ ಅಲ್ಲ, ಹೈವೇ ಮ್ಯಾಲೆ ಐತಿ” ಎಂದು ಇನ್ನೊಬ್ಬ. “ಬಾಗೇವಾಡಿ ಬಿಡ್ರಿ, ಗುಡಿ ಒಂದ ಬಿಟ್ರ ಅದಿನ್ನೂ ಹಳ್ಳಿನ” ಎಂಬಲ್ಲಿಗೆ ತೀರ್ಪು ಮುಗಿಯುತ್ತದೆ. ತೀರ್ಪು ಕೊಟ್ಟವರು ನೋಡಿದ್ದು ಬಸ್ ನಿಲ್ದಾಣದಿಂದ ಸರ್ಕಲ್‌ವರೆಗಿನ ರಸ್ತೆ. ಅದರ ಅಗಲ, ನಡುವಿನ ಡಿವೈಡರ್, ಅದರ ಮೇಲಿನ ದೀಪ, ಇಕ್ಕೆಲದ ಬಂಗಾರದಂಗಡಿ, ಬೈಕ್ ಶೋರೂಮು, ಕಾಂಪ್ಲೆಕ್ಸು, ಜೊತೆಗೆ ಗುಂಟೆಗೆ ಪ್ಲಾಟಿನ ರೇಟು. ಊರೆಂದರೆ ಅಷ್ಟೇ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದಾರೆ.

ಇದು ಬರೀ ಚಹಾದಂಗಡಿಯ ಹರಟೆಯಾಗಿದ್ದರೆ ಖಂಡಿಸುವ ಗೋಜು ಬೇಕಿರಲಿಲ್ಲ. ಆದರೆ ಇದೇ ಅಳತೆ ಚುನಾವಣೆಯ ಭಾಷಣದಲ್ಲಿದೆ, ಪತ್ರಿಕೆಗಳ ವಿಶೇಷ ಪುರವಣಿಯಲ್ಲಿದೆ, ಪುರಸಭೆಯ ಬಜೆಟ್ಟಿನಲ್ಲಿದೆ. ಅನುದಾನ ಬಂದಾಗ ಮೊದಲು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದೂ ಇದೇ. ಇದು ತಪ್ಪು ಅಳತೆ. ತಪ್ಪಷ್ಟೇ ಅಲ್ಲ, ಅನ್ಯಾಯದ ಅಳತೆ ಎಂಬುದು ನನ್ನ ವಾದ. ಒಂದು ಊರನ್ನು ಇನ್ನೊಂದರ ಜೊತೆ ಹೋಲಿಸಬೇಕಾದರೆ ಬಜಾರಿಗೆ ಬೆನ್ನು ಮಾಡಿ ನಿಲ್ಲಬೇಕು. ಊರಿನ ಕೊನೆಯ ಓಣಿ, ಅದರಾಚೆಯ ಪ್ಲಾಟುಗಳು, ಅದರಾಚೆಯ ತಾಂಡಾ, ತೋಟದ ವಸ್ತಿ, ಆ ಊರನ್ನೇ ನಂಬಿದ ಹಳ್ಳಿಗಳು. ಅಲ್ಲಿ ಕಂಡದ್ದೇ ಊರಿನ ನಿಜವಾದ ಅಂಕ.

ಮೊದಲು ಸರಳ ಲೆಕ್ಕ. 2011ರ ಜನಗಣತಿಯಲ್ಲಿ ಇಂಡಿ ಪಟ್ಟಣದಲ್ಲಿ ಸುಮಾರು 38 ಸಾವಿರ ಜನ, ಸಿಂದಗಿಯಲ್ಲಿ 37 ಸಾವಿರ, ಮುದ್ದೇಬಿಹಾಳದಲ್ಲಿ 34 ಸಾವಿರ, ಬಸವನ ಬಾಗೇವಾಡಿಯಲ್ಲಿ 33 ಸಾವಿರ. ಎಲ್ಲಕ್ಕಿಂತ ದೊಡ್ಡದಕ್ಕೂ ಎಲ್ಲಕ್ಕಿಂತ ಚಿಕ್ಕದಕ್ಕೂ ಇರುವ ಅಂತರ ಐದು ಸಾವಿರ, ಅಂದರೆ ಈ ಭಾಗದ ಒಂದು ದೊಡ್ಡ ಹಳ್ಳಿಯಷ್ಟು. ಈ ಐದು ಸಾವಿರದ ಮೇಲೆ ಮುಂದುವರಿದ ಊರು, ಹಿಂದುಳಿದ ಊರು ಎಂಬ ಭೇದ ಕಟ್ಟಲಾಗದು. ಅದೇ ಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 21.77 ಲಕ್ಷ. ಪಟ್ಟಣವಾಸಿಗಳು ನೂರಕ್ಕೆ 23 ಮಾತ್ರ, ಅವರಲ್ಲೂ ಮೂರರಲ್ಲಿ ಎರಡು ಪಾಲಿನ ಹತ್ತಿರ ಹತ್ತಿರ ವಿಜಯಪುರ ನಗರವೊಂದರಲ್ಲೇ ಇದ್ದರು. ಉಳಿದ 77 ಮಂದಿಗೆ ತಾಲ್ಲೂಕು ಕೇಂದ್ರವೆಂದರೆ ವಾಸದ ಜಾಗವಲ್ಲ, ಕೆಲಸವಿದ್ದಾಗ ಬಂದು ಹೋಗುವ ಜಾಗ. ಉತಾರಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ, ಕೋರ್ಟಿಗೆ, ಸಂತೆಗೆ ಬರುತ್ತಾರೆ, ಸಂಜೆ ಬಸ್ಸು ಹಿಡಿಯುತ್ತಾರೆ. ಇವರನ್ನು ಬಿಟ್ಟು ಊರನ್ನು ಅಳೆಯುವುದು ಶಾಲೆಯನ್ನು ಅದರ ಗೇಟು ನೋಡಿ ಅಳೆದ ಹಾಗೆ.

ಇಂಡಿಯಿಂದ ಶುರು ಮಾಡೋಣ. ಹೊಗಳಿಕೆ ಹೆಚ್ಚು ಬೀಳುತ್ತಿರುವುದು ಅದಕ್ಕೇ. ಇಂಡಿ ಎಂದರೆ ಹೊರಗಿನವರಿಗೆ ನೆನಪಾಗುವುದು ಲಿಂಬೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಲ್ಲಿದೆ, ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಆ ಲಿಂಬೆ ಬೆಳೆಯುವುದು ಸರ್ಕಲ್‌ನಲ್ಲಲ್ಲ. ಬೋರು ಬತ್ತಿದ ಬೇಸಿಗೆಯಲ್ಲಿ ಟ್ಯಾಂಕರಿನಿಂದ ನೀರು ಹೊಯ್ದು ಗಿಡ ಉಳಿಸಿಕೊಳ್ಳುವ ತೋಟದ ವಸ್ತಿಗಳಲ್ಲಿ. ದರ ಬಿದ್ದ ವರ್ಷ ಕಾಯಿ ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ, ಆ ಸಲ ಇಂಡಿಯ ಬಜಾರೂ ಮಂಕಾಗುತ್ತದೆ. ಕಬ್ಬಿನದೂ ಅದೇ ಕತೆ. ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವುದು ಮರಗೂರಿನಲ್ಲಿ, ಅದಕ್ಕೆ ಕಬ್ಬು ಬರುವುದು ಭೀಮೆಯ ದಂಡೆಯಿಂದ. ಇಂಡಿ ಭಾಗದ ಎಷ್ಟೋ ಮನೆಗಳು ಲಗ್ನದ ಜವಳಿಗೆ ಹೋಗುವುದು ಚಡಚಣಕ್ಕೆ, ಬಟ್ಟೆ ವ್ಯಾಪಾರದಲ್ಲಿ ಚಡಚಣಕ್ಕೆ ಗಡಿಯಾಚೆಯ ಮಹಾರಾಷ್ಟ್ರದಲ್ಲೂ ಹೆಸರಿದೆ. ವಿದ್ಯೆ, ಸಾಹಿತ್ಯದ ಮಾತಿಗೆ ಬಂದರೂ ಲೆಕ್ಕ ಬಜಾರಿನ ಹೊರಗೇ ಬೀಳುತ್ತದೆ. ಕ್ರಿ.ಶ. 945ರ ಸಾಲೋಟಗಿ ಶಾಸನ ಹೇಳುವ ವಿದ್ಯಾಕೇಂದ್ರದಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳ ವಸತಿಗೆಂದೇ 27 ಮನೆಗಳಿದ್ದವು. ಸಾಲೋಟಗಿ ಇಂಡಿಯ ಮಗ್ಗುಲಿನ ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಗೆಳೆಯರು ಕಟ್ಟಿಕೊಟ್ಟ ‘ಗರತಿಯ ಹಾಡು’ 1931ರಲ್ಲಿ ಹೊರಬಂದು ಕನ್ನಡ ಜಾನಪದದ ದಿಕ್ಕನ್ನೇ ಬದಲಿಸಿತು. ಅವರ ಹಲಸಂಗಿಯೂ ಒಂದು ಹಳ್ಳಿ. ಇಂಡಿಯ ಹೆಮ್ಮೆಯ ಪಟ್ಟಿಯಿಂದ ಇವನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ಕೆಲವು ದೀಪದ ಕಂಬ.

ಸಿಂದಗಿಯ ಪರವಾಗಿ ಮಾತಾಡುವವರ ಬಂಡವಾಳ ರಸ್ತೆ. ವಿಜಯಪುರದಿಂದ ಕಲಬುರಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಊರ ಮೂಲಕ ಹಾಯುತ್ತದೆ. ಇಂಡಿ, ಆಲಮೇಲದ ದಾರಿಗಳೂ ಇಲ್ಲಿ ಕೂಡುತ್ತವೆ. ಹೆದ್ದಾರಿ ಬಂದರೆ ಪ್ಲಾಟಿನ ರೇಟು ಏರುತ್ತದೆ, ಢಾಬಾ ಏಳುತ್ತವೆ, ಸರಿ. ಆದರೆ ಹೆದ್ದಾರಿಯಿಂದ ಇಳಿದು ಎರಡು ಮೈಲಿ ಎರೆಹೊಲದ ದಾರಿಯಲ್ಲಿ ನಡೆದರೆ ಬೇರೆಯೇ ಸಿಂದಗಿ ಸಿಗುತ್ತದೆ. ತೊಗರಿ ಮತ್ತು ಹತ್ತಿಯ ಮೇಲೆ ನಿಂತ ಊರುಗಳು, ಮಳೆ ಕೈಕೊಟ್ಟ ವರ್ಷ ಬೀಗ ಬೀಳುವ ತಾಂಡಾಗಳು. ಅಲ್ಲಿಯ ಮಂದಿ ಪುಣೆಗೆ, ಮುಂಬಯಿಗೆ, ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಮಹಾರಾಷ್ಟ್ರದ ಸೀಮೆಗೆ ಕಬ್ಬು ಕಡಿಯಲು ಗ್ಯಾಂಗು ಕಟ್ಟಿಕೊಂಡು ಹೊರಡುತ್ತಾರೆ. ಮುಂಗಡ ಹಣಕ್ಕೆ ಬೀಳುವ ಇವರ ಮಕ್ಕಳ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ, ಮಕ್ಕಳು ಕಬ್ಬಿನ ಗದ್ದೆಯ ಬದುವಿನ ಮೇಲಿರುತ್ತಾರೆ.

ಸಿಂದಗಿಯ ಅಂಚಿಗೆ ಇನ್ನೂ ಒಂದು ಪೆಟ್ಟಿದೆ, ಬಜಾರಿನಿಂದ ಅದು ಕಾಣಿಸುವುದೇ ಇಲ್ಲ. ಹೆದ್ದಾರಿಯಲ್ಲಿ ಮೂಡಣಕ್ಕೆ ಹೊರಟು ಜಿಲ್ಲೆಯ ಗಡಿ ದಾಟಿದರೆ ಜೇವರ್ಗಿ ತಾಲ್ಲೂಕು. ಅಲ್ಲಿಯ ಹುಡುಗನಿಗೆ ಕಲ್ಯಾಣ ಕರ್ನಾಟಕಕ್ಕೆಂದು ಇರುವ ಸಂವಿಧಾನದ 371(ಜೆ) ವಿಧಿಯ ಅಡಿ ಉದ್ಯೋಗದಲ್ಲಿ, ಶಿಕ್ಷಣದಲ್ಲಿ ಮೀಸಲಾತಿ ಇದೆ. ಈಚೆಯ ಹುಡುಗನಿಗಿಲ್ಲ, ಯಾಕೆಂದರೆ ಅವನ ಅಜ್ಜ ನಿಜಾಮನ ಆಳ್ವಿಕೆಯಲ್ಲಿರಲಿಲ್ಲ, ಮುಂಬಯಿ ಪ್ರಾಂತ್ಯದಲ್ಲಿದ್ದ. ಮಣ್ಣು ಒಂದೇ, ಮಳೆ ಒಂದೇ, ತೊಗರಿ ಒಂದೇ. ವಿಜಯಪುರ ಜಿಲ್ಲೆಯಲ್ಲಿ ಓಡುವ ಸರ್ಕಾರಿ ಬಸ್ಸು ಮಾತ್ರ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಬಸ್ಸಿಗೆ ಕಲ್ಯಾಣ ಕರ್ನಾಟಕದ ಹೆಸರಿದೆ, ಅದರೊಳಗೆ ಕೂತವನಿಗೆ ಅದರ ಸವಲತ್ತಿಲ್ಲ. ಸಿಂದಗಿಯನ್ನು ಇಂಡಿಯ ಜೊತೆ ಹೋಲಿಸುವವರು ಈ ಗಡಿಯ ಮಾತು ಎತ್ತುವುದಿಲ್ಲ. ಬಂಗಾರದಂಗಡಿಗಳನ್ನು ಎಣಿಸುತ್ತಾರೆ.

ಮುದ್ದೇಬಿಹಾಳದ ವಿಷಯದಲ್ಲಿ ಜನಪ್ರಿಯ ತೀರ್ಪು ಏನೆಂದರೆ, “ತಾಳಿಕೋಟಿ ಬಜಾರದ ಮುಂದ ಮುದ್ದೇಬಿಹಾಳ ಎಲ್ಲಿ?” ಇದೊಂದು ಹಳೆಯ ಚಾಳಿ. 1565ರಲ್ಲಿ ವಿಜಯನಗರದ ದಿಕ್ಕು ಬದಲಿಸಿದ ಕಾಳಗಕ್ಕೆ ರಕ್ಕಸಗಿ, ತಂಗಡಗಿ ಎಂಬ ಹಳ್ಳಿಗಳ ಹೆಸರೂ ಇದೆ. ಆದರೆ ಪಠ್ಯಪುಸ್ತಕದಲ್ಲಿ ಗಟ್ಟಿಯಾಗಿ ಕೂತದ್ದು ತಾಳಿಕೋಟಿ ಎಂಬ ಪೇಟೆಯ ಹೆಸರು, ರಣರಂಗ ಆ ಪೇಟೆಯಲ್ಲಿರದಿದ್ದರೂ. ಹೊಲದಲ್ಲಿ ನಡೆದದ್ದಕ್ಕೆ ಪೇಟೆಯ ಹೆಸರು ಹಚ್ಚುವುದನ್ನು ನಾವು ಆಗಲೇ ಕಲಿತಿದ್ದೆವು. ಇದೇ ಸೀಮೆಯಲ್ಲಿ ಡೋಣಿ ಹರಿಯುತ್ತದೆ. ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ಓಣಿಯ ಸಿರಿ ಎಲ್ಲಿಂದ ಬರುತ್ತದೆಂಬುದು ಅವರಿಗೆ ಗೊತ್ತಿತ್ತು. ಈಗ ಅದೇ ಡೋಣಿ ಉಕ್ಕಿದಾಗ ತಾಳಿಕೋಟಿ ಕಡೆಯ ಸೇತುವೆ ಮುಳುಗಿ ಹಳ್ಳಿಗಳ ಸಂಪರ್ಕ ಕಡಿದುಹೋಗುತ್ತದೆ. ಬಜಾರಿನಲ್ಲಿ ಕೂತವನಿಗೆ ಅದು ಎರಡು ದಿನದ ಸುದ್ದಿ. ಸೇತುವೆಯಾಚೆ ಬಸುರಿ ಹೆಂಗಸಿದ್ದ ಮನೆಗೆ ಅದು ಸುದ್ದಿಯಲ್ಲ.

ಮುದ್ದೇಬಿಹಾಳ, ಬಾಗೇವಾಡಿ ಎರಡೂ ಕೃಷ್ಣೆಯ ಸೀಮೆಯ ಊರುಗಳು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಮೇಲೆ ಆಲಮಟ್ಟಿ ಅಣೆಕಟ್ಟೆಯ ನೀರು ಈ ಸೀಮೆಯ ಹಳ್ಳಿಗಳನ್ನು, ಫಲವತ್ತಾದ ದಂಡೆಯ ಹೊಲಗಳನ್ನು ನುಂಗಿತು. ಮುಳುಗಿದವರು ಪುನರ್ವಸತಿ ಕೇಂದ್ರಗಳಿಗೆ ಹೋದರು. ಕೊಲ್ಹಾರದಂಥ ಹಳೆಯ ಊರೇ ಜಾಗ ಬದಲಿಸಿತು. ಗಡಿಗೆ ಮೊಸರು ಮಾರುವವರ ಜೊತೆ ಅದರ ಹೆಸರು ಮಾತ್ರ ಹೊಸ ಜಾಗಕ್ಕೂ ಬಂತು. ಈಗ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತಿದೆ. ಮತ್ತೆ ಹೊಲ ಹೋಗುತ್ತದೆ, ಮತ್ತೆ ಪರಿಹಾರದ ಹಣ ಬರುತ್ತದೆ, ಆ ಹಣದ ಒಂದು ಪಾಲು ಊರಿನ ಪ್ಲಾಟಿಗೂ ಬಂಗಾರಕ್ಕೂ ಹರಿಯುತ್ತದೆ. ಆಗ ಬಜಾರು ಮಿಂಚುತ್ತದೆ, ನಾವು “ಊರು ಬೆಳೀತು” ಎನ್ನುತ್ತೇವೆ. ಮುಳುಗಡೆಯ ಹಣವನ್ನು ಬೆಳವಣಿಗೆ ಎಂದು ಬರೆದುಕೊಳ್ಳುವ ಲೆಕ್ಕಪುಸ್ತಕ ಇದು. ಬಜಾರಿನ ಅಳತೆ ಸುಳ್ಳೆಂದು ತೋರಿಸಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ‘ಇನ್ನೂ ಹಳ್ಳಿ’ ಎಂದು ತಳ್ಳಿಹಾಕಲಾಗುವ ಬಸವನ ಬಾಗೇವಾಡಿ. ಬಸವಣ್ಣ ಹುಟ್ಟಿದ ನೆಲವೆಂದು ನಾಡಿಡೀ ಕೈಮುಗಿಯುತ್ತದೆ. 2024ರ ಜನವರಿಯಲ್ಲಿ ಸರ್ಕಾರ ಆತನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಇದರ ಅಂಚಿನ ಮಾತು ಕೇಳಿ. ಎನ್‌ಟಿಪಿಸಿಯ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಎದ್ದದ್ದು ಹಳೆಯ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ. 2014ರಲ್ಲಿ ರೈತರು ಅದನ್ನು ವಿರೋಧಿಸಿದಾಗ ಪೊಲೀಸರು ಗುಂಡು ಹಾರಿಸಿದ್ದೂ ಅಲ್ಲೇ. ಆಲಮಟ್ಟಿ ಅಣೆಕಟ್ಟೆಯೂ ಅದೇ ಹಳೆಯ ತಾಲ್ಲೂಕಿನ ನೆಲ. ನಾಡಿಗೆ ನೀರು, ನಾಡಿಗೆ ಕರೆಂಟು, ನಾಡಿಗೆ ಬಸವಣ್ಣ, ಮೂರನ್ನೂ ಕೊಟ್ಟ ತಾಲ್ಲೂಕಿನ ಪಟ್ಟಣವನ್ನು ಹಿಂದುಳಿದದ್ದು ಎನ್ನುತ್ತಾರೆ, ಯಾಕೆಂದರೆ ಅದರ ಮುಖ್ಯ ರಸ್ತೆಯಲ್ಲಿ ಗಾಜಿನ ಕಾಂಪ್ಲೆಕ್ಸು ಕಡಿಮೆ! ಹಿಂದುಳಿದದ್ದು ಆ ಊರಲ್ಲ. ಆ ನೆಲದಿಂದ ತೆಗೆದುಕೊಂಡಷ್ಟನ್ನು ಹಿಂತಿರುಗಿಸದ ವ್ಯವಸ್ಥೆ.

2018ರಿಂದೀಚೆಗೆ ನಕ್ಷೆಯೂ ಬದಲಾಗಿದೆ. ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ಬೇರೆಯಾದವು. ಮುದ್ದೇಬಿಹಾಳದಿಂದ ತಾಳಿಕೋಟಿ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಇಂಡಿಯಿಂದ ಚಡಚಣ. ಕಚೇರಿ ಹತ್ತಿರ ಬರುವುದಾದರೆ ಹಳ್ಳಿಗರಿಗೆ ಒಳ್ಳೆಯದೇ. ಆದರೆ ತಾಲ್ಲೂಕು ಒಡೆದಂತೆ ಹಳೆಯ ಕೇಂದ್ರಗಳ ಬಜಾರಿಗೆ ಬರುವ ಮಂದಿಯೂ ಹಂಚಿಹೋಗುತ್ತಾರೆ. ಬಜಾರಿನ ಸದ್ದನ್ನೇ ಊರಿನ ಏಳಿಗೆ ಎಂದುಕೊಂಡವರು ನಾಳೆ ಇದನ್ನೂ ಅವನತಿ ಎಂದು ಬರೆಯುತ್ತಾರೆ. ಹಳ್ಳಿಯವನಿಗೆ ದಾರಿ ಉಳಿದದ್ದು ಅವರ ಕಣ್ಣಿಗೆ ನಷ್ಟ. ಅಳತೆ ಎಷ್ಟು ತಲೆಕೆಳಗಾಗಿದೆ ನೋಡಿ.

ಎದುರು ಪಕ್ಷದ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ಅವರೇನು ದಡ್ಡರಲ್ಲ.

ಮೊದಲನೆಯದು, ಬಜಾರೇ ಊರಿಗೆ ಅನ್ನ ಹಾಕುತ್ತದೆ, ತೆರಿಗೆ ಅಲ್ಲಿಂದಲೇ ಬರುತ್ತದೆ, ಆದ್ದರಿಂದ ಮೊದಲ ಖರ್ಚು ಅಲ್ಲೇ ಆಗಬೇಕು. ಬಜಾರು ತೆರಿಗೆ ಕಟ್ಟುವುದು ನಿಜ. ಬಜಾರಿಗೆ ದುಡ್ಡು ಎಲ್ಲಿಂದ ಬಂತು? ಸಂತೆಯ ದಿನ ಯಾವುದಾದರೂ ಅಂಗಡಿಯ ಮುಂದೆ ನಿಂತು ಗಿರಾಕಿಗಳ ಊರು ಕೇಳಿ. ತೊಗರಿ ರಾಶಿಯಾಗಿ ಅಡತಿ ಅಂಗಡಿಯಲ್ಲಿ ಪಟ್ಟಿ ಆದ ಮೇಲಷ್ಟೇ ಜವಳಿ ಅಂಗಡಿಯಲ್ಲಿ ಗದ್ದಲ. ಇನ್ನು ಪುರಸಭೆಗೆ ಬರುವ ಸರ್ಕಾರಿ ಅನುದಾನದ ಲೆಕ್ಕದಲ್ಲಿ ಜನಸಂಖ್ಯೆಗೆ ಬೆಲೆಯಿದೆ. ಅಂದರೆ ಆಶ್ರಯ ಕಾಲೋನಿಯ ತಲೆಗಳನ್ನೂ ಎಣಿಸಿ ತಂದ ಹಣ ಅದು. ರಾಜ್ಯದ ಕಾನೂನಿನಲ್ಲಿ 20 ಸಾವಿರದಿಂದ 50 ಸಾವಿರ ಜನರಿರುವ ಊರಿಗೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ. ಮೇಲ್ದರ್ಜೆಗೇರುವ ಆಸೆ ಹುಟ್ಟಿದ ಊರು ಸುತ್ತಲ ವಸ್ತಿ, ಹಳ್ಳಿಗಳನ್ನು ಸೇರಿಸಿಕೊಳ್ಳಲು ನೋಡುತ್ತದೆ. ಹಾಗೆ ಸೇರಿದ ಹಳ್ಳಿಗೆ ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸ ಹೋಗುತ್ತದೆ, ಮನೆ ತೆರಿಗೆ ಏರುತ್ತದೆ. ಗಟಾರ, ನಳ ಮಾತ್ರ ಮುಂದಿನ ಯೋಜನೆಯಲ್ಲಿ. ಎಣಿಸುವಾಗ ಅಂಚು ಬೇಕು, ಹಂಚುವಾಗ ಬೇಡ. ಇದು ಯಾವ ನ್ಯಾಯ?

ಎರಡನೆಯದು, ಮೊದಲು ಊರಿನ ಮುಖ ಚೆಂದ ಮಾಡೋಣ, ಹೊರಗಿನವರು ನೋಡಿ ಬಂಡವಾಳ ಹಾಕುತ್ತಾರೆ, ಅಂಚಿಗೆ ಆಮೇಲೆ ತಾನಾಗಿ ತಲುಪುತ್ತದೆ. ಈ ‘ಆಮೇಲೆ’ ಎಂಬುದಕ್ಕೆ ತಾರೀಖಿಲ್ಲ. ಬಂಡವಾಳ ಎಂಥ ಕಡೆ ಹೋಗುತ್ತದೆಂದು ಈ ಜಿಲ್ಲೆಯ ಚರಿತ್ರೆಯೇ ಹೇಳುತ್ತದೆ. 1884ರಲ್ಲಿ ಗದಗ–ಹೊಟಗಿ ರೈಲು ಬಂತು, 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಬಿಜಾಪುರ ಎದ್ದು ನಿಂತದ್ದು ಡಿವೈಡರಿನ ದೀಪದಿಂದಲ್ಲ, ಹಳಿಯಿಂದ ಮತ್ತು ಕಚೇರಿಯಿಂದ. ಅದೇ ಹಳಿ ಇಂಡಿಯನ್ನೂ ಬಾಗೇವಾಡಿಯನ್ನೂ ಮುಟ್ಟದೆ ಹೋಯಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳು ಊರಿನಿಂದ ಹಲವು ಕಿಲೋಮೀಟರ್ ದೂರದಲ್ಲಿವೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಅಷ್ಟೂ ಇಲ್ಲ. ಆಲಮಟ್ಟಿ–ಯಾದಗಿರಿ ಮಾರ್ಗದ ಬೇಡಿಕೆಗೆ ಮುದ್ದೇಬಿಹಾಳದ ಮಂದಿ ಕೊಟ್ಟ ಮನವಿಪತ್ರಗಳಿಗೆ ಲೆಕ್ಕವಿಲ್ಲ. ಊರಿನ ಭಾಗ್ಯವನ್ನು ತೀರ್ಮಾನಿಸುವ ಇಂಥ ಸಂಗತಿಗಳನ್ನು ಬಿಟ್ಟು ಸರ್ಕಲ್‌ನ ಕಾರಂಜಿಯ ಬಗ್ಗೆ ಜಗಳವಾಡುವ ಜನಪ್ರತಿನಿಧಿ ಮತದಾರನನ್ನು ಮಕ್ಕಳಂತೆ ನಡೆಸಿಕೊಳ್ಳುತ್ತಿದ್ದಾನೆ.

ಮೂರನೆಯ ವಾದ ಈಗ ಬಹಳ ಚಲಾವಣೆಯಲ್ಲಿದೆ: “ಪ್ಲಾಟಿನ ರೇಟು ನೋಡ್ರಿ, ಊರು ನಾಲ್ಕೂ ದಿಕ್ಕಿಗೆ ಹಬ್ಬೇದ.” ಹಬ್ಬಿದ್ದು ಹೇಗೆಂದು ನೋಡೋಣ. ಊರ ಹೊರಗಿನ ಹೊಲ ಕೃಷಿಯೇತರ, ಅಂದರೆ ಎನ್‌.ಎ. ಆಗುತ್ತದೆ. ಕಮಾನು ಏಳುತ್ತದೆ, ಗಡಿಗಲ್ಲು ನೆಟ್ಟು ಮುರುಮಿನ ರಸ್ತೆ ಹಾಕುತ್ತಾರೆ, ಉದ್ಯಾನ ನಕ್ಷೆಯಲ್ಲಿ ಹಸಿರಾಗಿರುತ್ತದೆ. ಪ್ಲಾಟು ಮಾರಿದವರು ಲೆಕ್ಕ ಮುಗಿಸಿ ಮುಂದಿನ ಹೊಲಕ್ಕೆ ಹೋಗುತ್ತಾರೆ. ಮನೆ ಕಟ್ಟಿದವರು ಪುರಸಭೆಗೆ ಹೋದರೆ ಬಡಾವಣೆ ಇನ್ನೂ ತಮಗೆ ಹಸ್ತಾಂತರವಾಗಿಲ್ಲ ಎಂಬ ಉತ್ತರ, ಪ್ಲಾಟು ಮಾರಿದವನ ಬಳಿ ಹೋದರೆ ಅದು ಈಗ ಪುರಸಭೆಯ ಕೆಲಸ ಎಂಬ ಉತ್ತರ. ಎನ್‌.ಎ. ಕೂಡ ಆಗದೆ ಬಾಂಡ್ ಪೇಪರಿನ ಮೇಲೆ ಮಾರಿದ ಗುಂಟೆ ಪ್ಲಾಟುಗಳ ಪಾಡು ಕೇಳುವುದೇ ಬೇಡ. 2025ರಲ್ಲಿ ಸರ್ಕಾರ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನ ನಡೆಸಿತು. ಖಾತೆ ಬಂದರೆ ತೆರಿಗೆ ಬರುತ್ತದೆ, ಗಟಾರ ತಾನಾಗಿ ಬರುವುದಿಲ್ಲ. ಎರೆಮಣ್ಣಿನ ಮೇಲೆ ಗಟಾರವಿಲ್ಲದೆ ಕಟ್ಟಿದ ಬಡಾವಣೆಯಲ್ಲಿ ಎರಡು ದಿನ ಮಳೆ ಹಿಡಿದರೆ ಬೈಕು ಮುಖ್ಯರಸ್ತೆಯಲ್ಲೇ ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಸೇರಬೇಕು. ಇದನ್ನು ಊರಿನ ವಿಸ್ತಾರ ಎನ್ನಬಹುದು. ಬೆಳವಣಿಗೆ ಎನ್ನಲು ನಾಲಿಗೆ ಬರಬಾರದು.

ನಾಲ್ಕನೆಯ ವಾದ: ಅಂಚನ್ನು ಅಳೆಯುವುದು ಹೇಗೆ? ಬಜಾರು ಕಣ್ಣಿಗೆ ಕಾಣುತ್ತದೆ, ಉಳಿದದ್ದೆಲ್ಲ ಭಾವನೆಯ ಮಾತು. ಇದು ಅಳೆಯಲು ಮನಸ್ಸಿಲ್ಲದವರ ಮಾತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು ತೋರಿಸಿತು. 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು, ನಮ್ಮ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಆ ವರದಿಯ ಬಗ್ಗೆ ಏನೇ ತಕರಾರಿರಲಿ, ಒಂದು ಸರಿಯಾದ ಕೆಲಸವನ್ನು ಅದು ಮಾಡಿತ್ತು: ಅಳೆದದ್ದು ಪಟ್ಟಣವನ್ನಲ್ಲ, ತಾಲ್ಲೂಕನ್ನು. ಎರಡು ದಶಕ ಕಳೆದ ಮೇಲೂ ವೇದಿಕೆ ಹತ್ತಿದ ಎಲ್ಲರೂ ಆ ವರದಿಯ ಹೆಸರು ಹೇಳುತ್ತಾರೆ, ವೇದಿಕೆ ಇಳಿದು ಸರ್ಕಲ್ ಅಗಲ ಮಾಡಲು ಟೆಂಡರ್ ಕರೆಯುತ್ತಾರೆ.

ನಾನು ಇಡುವ ಅಳತೆ ಆರೇ ಪ್ರಶ್ನೆಗಳದ್ದು. ಬೇಸಿಗೆಯಲ್ಲಿ ಊರಿನ ಕೊನೆಯ ಓಣಿಗೆ ನಳದ ನೀರು ಎಷ್ಟು ದಿನಕ್ಕೊಮ್ಮೆ? ಬಜಾರಿನ ಗಟಾರ ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ, ಯಾರ ಹೊಲಕ್ಕೆ, ಯಾವ ಹಳ್ಳಕ್ಕೆ, ಯಾರ ಮನೆಯ ಮುಂದೆ? ಸಂಜೆ ಊರಿನಿಂದ ಹಳ್ಳಿಗಳಿಗೆ ಹೊರಡುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ರಾತ್ರಿ ಹೆರಿಗೆ ಕಷ್ಟವಾದರೆ ತಾಲ್ಲೂಕು ಆಸ್ಪತ್ರೆಯಲ್ಲೇ ನಿಭಾಯಿಸುತ್ತಾರೋ, “ಬಿಜಾಪುರಕ್ಕ ಒಯ್ಯಿರಿ” ಎನ್ನುತ್ತಾರೋ? ತಾಂಡಾದ ಹುಡುಗಿ ಹತ್ತನೆಯ ಇಯತ್ತೆ ಮುಗಿಸಿದ ಮೇಲೆ ದಿನಾ ಹೋಗಿ ಬರುವಷ್ಟು ಹತ್ತಿರದಲ್ಲಿ ವಿಜ್ಞಾನ ಓದಬಲ್ಲಳೋ? ದೀಪಾವಳಿ ಮುಗಿದ ಮೇಲೆ ಎಷ್ಟು ಮನೆಗಳಿಗೆ ಗುಳೆಯ ಬೀಗ ಬೀಳುತ್ತದೆ? ಇವುಗಳಲ್ಲಿ ಒಂದಕ್ಕೂ ದಿಲ್ಲಿಯಿಂದ ತಜ್ಞರು ಬರಬೇಕಿಲ್ಲ. ನೀರಿನ ಲೆಕ್ಕ ಪುರಸಭೆಯ ವಾಲ್ವ್‌ಮನ್‌ಗೆ ಗೊತ್ತು, ಬಸ್ಸಿನದು ಡಿಪೋಕ್ಕೆ ಗೊತ್ತು, ಆಸ್ಪತ್ರೆಯ ರೆಫರಲ್ ಪುಸ್ತಕ ಆಸ್ಪತ್ರೆಯಲ್ಲೇ ಇದೆ, ಗುಳೆ ಹೋದ ಮಕ್ಕಳ ಲೆಕ್ಕ ಶಾಲೆಯ ಮಾಸ್ತರರ ಹತ್ತಿರ ಇದೆ. ನಾಲ್ಕೂ ಊರುಗಳ ಉತ್ತರಗಳನ್ನು ಪಕ್ಕಪಕ್ಕ ಇಡಿ. ಆಗ ಸಿಗುವುದೇ ನಿಜವಾದ ಹೋಲಿಕೆ. ಅದರಲ್ಲಿ ಇಂಡಿ ಮೊದಲೋ ಬಾಗೇವಾಡಿ ಮೊದಲೋ, ಬಂದದ್ದನ್ನು ತಲೆಬಾಗಿ ಒಪ್ಪೋಣ.

ಬಸ್ಸಿನ ಪ್ರಶ್ನೆಯನ್ನು ಸಣ್ಣದೆಂದು ತಳ್ಳಬೇಡಿ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಬಸ್ಸು ಓಡುವ ದಾರಿಯಲ್ಲಿ ಇದು ದೊಡ್ಡ ಬಿಡುಗಡೆ. ಬಸ್ಸೇ ಹೋಗದ ವಸ್ತಿಯ ಹೆಂಗಸು ಇವತ್ತಿಗೂ ಟಂಟಂಗೆ ದುಡ್ಡು ಕೊಟ್ಟು, ಗಂಡಸರ ನಡುವೆ ಮುದುಡಿ ಕೂತು, ಊರು ಮುಟ್ಟಬೇಕು. ಒಂದೇ ತಾಲ್ಲೂಕು, ಒಂದೇ ಯೋಜನೆ, ಇಬ್ಬರು ಹೆಂಗಸರು. ಯಾರಿಗೆ ಸೌಲಭ್ಯ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಅವರ ಮನೆ ಡಾಂಬರು ರಸ್ತೆಯಿಂದ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿತು. ಬಸ್ ನಿಲ್ದಾಣದ ಹೊಸ ಕಟ್ಟಡದ ಫೋಟೋದಲ್ಲಿ ಈ ಅಂತರ ಮೂಡುವುದಿಲ್ಲ.

ಊರು ಮತ್ತು ಹಳ್ಳಿಯ ನಡುವೆ ಗೋಡೆ ಕಟ್ಟಿ ನೋಡುವ ಕಣ್ಣಿಗೇ ಈಗ ಕಾಲ ಮುಗಿದಿದೆ. ದೇಶದಲ್ಲಿ ಆಡಳಿತದ ದೃಷ್ಟಿಯಿಂದ ಹಳ್ಳಿಯಾಗಿದ್ದೂ ಬದುಕಿನಲ್ಲಿ ಪಟ್ಟಣವಾದ ಊರುಗಳು, ಜನಗಣತಿಯವರು ಗಣತಿ ಪಟ್ಟಣ ಎನ್ನುವಂಥವು, 2001ರಲ್ಲಿ 1,362 ಇದ್ದವು, 2011ಕ್ಕೆ 3,894 ಆದವು. ಕೇರಳದಲ್ಲಿ 2011ರ ಹೊತ್ತಿಗೇ ನೂರಕ್ಕೆ 47.7 ಮಂದಿ ನಗರವಾಸಿಗಳೆಂದು ದಾಖಲಾದದ್ದು ಬಹುಪಾಲು ಇಂಥ ಊರುಗಳಿಂದ. ಅಲ್ಲಿ ಊರು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ, ಶಾಲೆ ಮತ್ತು ಆಸ್ಪತ್ರೆ ಆ ಗೆರೆಗೆ ಕಾಯಲೂ ಇಲ್ಲ. ನಮ್ಮ ಬಯಲುಸೀಮೆಯ ನೆಲ ಬೇರೆ, ನೀರು ಬೇರೆ, ಮನೆಗಳ ನಡುವಿನ ದೂರ ಬೇರೆ. ಕೇರಳವನ್ನು ಎತ್ತಿ ತಂದು ಸಿಂದಗಿಯಲ್ಲಿ ಇಡಿ ಎಂದು ನಾನು ಹೇಳುತ್ತಿಲ್ಲ. ಸೌಲಭ್ಯಕ್ಕೆ ಬಜಾರು ಹೆಬ್ಬಾಗಿಲಾಗಬೇಕಿಲ್ಲ ಎಂಬುದಷ್ಟನ್ನು ಅಲ್ಲಿಂದ ಕಲಿಯಬಹುದು.

ಈ ತಪ್ಪು ಅಳತೆ ಯಾಕೆ ಇಷ್ಟು ಗಟ್ಟಿಯಾಗಿ ಕೂತಿದೆ? ಅದರಿಂದ ಲಾಭ ಉಳ್ಳವರಿದ್ದಾರೆ. ಸರ್ಕಲ್‌ನ ಕೆಲಸ ಒಂದೇ ಗುತ್ತಿಗೆಯಲ್ಲಿ ಮುಗಿಯುತ್ತದೆ, ಉದ್ಘಾಟನೆಯ ಕಲ್ಲಿಗೆ ಜಾಗವಿರುತ್ತದೆ, ಬ್ಯಾನರು ಎಲ್ಲರ ಕಣ್ಣಿಗೂ ಬೀಳುತ್ತದೆ. ಹತ್ತು ವಸ್ತಿಗೆ ಪೈಪು ಎಳೆದರೆ ಅದು ನೆಲದಡಿಗೆ ಹೋಗುತ್ತದೆ, ಫೋಟೋ ಬರುವುದಿಲ್ಲ. ಪ್ಲಾಟು ಮಾರುವವರಿಗೆ ‘ಬೆಳೆಯುತ್ತಿರುವ ಊರು’ ಎಂಬ ಮಾತೇ ಬಂಡವಾಳ. ಪತ್ರಿಕೆ ಬರೆಯುವವರ ಪಾಲೂ ಇದರಲ್ಲಿ ಕಡಿಮೆಯಿಲ್ಲ: ಪುರವಣಿಗೆ ಜಾಹೀರಾತು ಬರುವುದು ಬಜಾರಿನಿಂದಲೇ ಹೊರತು ತಾಂಡಾದಿಂದಲ್ಲ. ಊರ ಮೇಲೆ ಊರು ಎತ್ತಿಕಟ್ಟುವ ಜಗಳದಿಂದ ರಾಜಕಾರಣಿಗೂ ಅನುಕೂಲ. ಇಂಡಿಯವರು ಸಿಂದಗಿಯ ಕಡೆ, ಸಿಂದಗಿಯವರು ಇಂಡಿಯ ಕಡೆ ನೋಡುತ್ತ ಕೂತರೆ ಇಬ್ಬರೂ ತಮ್ಮ ತಮ್ಮ ಕೊನೆಯ ಓಣಿಯ ಕಡೆ ತಿರುಗುವುದಿಲ್ಲ.

ಆದ್ದರಿಂದ ನಾಲ್ಕೂ ಊರಿನ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರು ರಸ್ತೆ ಅಗಲೀಕರಣದ ಮಾತು ತೆಗೆದ ಕೂಡಲೇ ಮೇಲಿನ ಆರು ಪ್ರಶ್ನೆಗಳನ್ನು ಅವರ ಮುಂದಿಡಿ, ಉತ್ತರ ಅಂಕಿಯಲ್ಲಿ ಕೇಳಿ. ವಾರ್ಡಿನ ಸದಸ್ಯರಿಗೆ ಹೇಳಿ, ಪುರಸಭೆಯ ಬಜೆಟ್ಟಿನಲ್ಲಿ ಮೊದಲ ಪುಟ ಕೊನೆಯ ಓಣಿಯದಾಗಿರಲಿ. ನಂಜುಂಡಪ್ಪ ವರದಿ ಬಂದಾಗ ಈ ನಾಲ್ಕೂ ತಾಲ್ಲೂಕುಗಳು ಹಿಂದುಳಿದ ಪಟ್ಟಿಯಲ್ಲಿದ್ದವು. ಅವು ಆ ಪಟ್ಟಿಯಿಂದ ಹೊರಬರುವುದು ನಾಲ್ಕು ಸರ್ಕಲ್‌ಗಳನ್ನು ಸಿಂಗರಿಸಿದರಲ್ಲ, ಊರಿನಾಚೆಯ ಮುಕ್ಕಾಲು ಪಾಲು ಜನರ ಬದುಕು ಸುಧಾರಿಸಿದರೆ ಮಾತ್ರ.